ಹಳದಿ ಟೀಮಿನ ಮುಯ್ಯಿ

ಬಟವಾಡಿ, ತುಮಕೂರು
20-2-2001, ಮಂಗಳವಾರ

ಕುಣಿಗಲ್‌ನಲ್ಲಿ ಅಕ್ಕನ ಮನೆ ಸೇರಿಕೊಂಡಿರುವ ನಮ್ಮ ಯಜಮಾನರಿಗೆ ಸರ್ವಮಂಗಳ ಮಾಡುವ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಹೊಲಿಗೆ ಮಿಷನ್ನೂ ಚೆನ್ನಾಗಿದೆ. ನೀವು ನೆಟ್ಟುಹೋದ ನುಗ್ಗೆ ಮರವಾಗಿ ಬೆಳೆದು, ಕಾಂಪೌಂಡಿನ ಆಚೆಗೆ ಬಾಗಿ, ಪಕ್ಕದ ಮನೆಯವರ ಸಾರಿಗೆ ಕಾಯಿ ಕೊಡುತ್ತಿದೆ. ನಿಮ್ಮ ಕ್ಷೇಮ ಮಾತ್ರ ನಾನು ಕೇಳುವುದಿಲ್ಲ. ಸಂಕ್ರಾಂತಿಗೆ ಬಂದಿದ್ದ ನಿಮ್ಮಕ್ಕ ಮಹಾಲಕ್ಷ್ಮಮ್ಮನವರು ನೀವು ಮೊದಲಿಗಿಂತ ದಪ್ಪಗಾಗಿದ್ದೀರಿ ಎಂದು ಹೇಳಿಹೋದರು. ನೊಂದುಕೊಂಡು ಊರು ಬಿಟ್ಟ ಮನುಷ್ಯ ದಪ್ಪಗಾಗುವುದನ್ನು ನಾನು ಇದೇ ಮೊದಲು ಕೇಳಿದ್ದು.

ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ನೀವು ಟ್ರಂಕು ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದಾಗ, ಆಟೋದಲ್ಲಿ ಬಿಡಲು ಬಂದಿದ್ದ ಬೆಟ್ಟಸ್ವಾಮಿಗೆ, “ಹಳದಿ ಅಂಗಿ ಮತ್ತೆ ಫೀಲ್ಡಿಗೆ ಇಳಿಯೋವರ್ಗೂ ನಾನು ತುಮಕೂರಿನ ಮಣ್ಣು ತುಳಿಯಲ್ಲ ಕಣೋ” ಅಂದಿದ್ದಿರಂತೆ. ಹೆಂಡತಿಗೆ ಹೇಳಬೇಕಾದ ಮಾತನ್ನು ಫುಟ್‌ಬಾಲ್ ಟೀಮಿನ ಕ್ಯಾಪ್ಟನ್ನಿಗೆ ಹೇಳಿ ಹೋದಿರಿ. ಅದಕ್ಕೆ ನಾನು ಇವತ್ತಿಗೂ ನಿಮ್ಮ ಮೇಲೆ ಸಿಟ್ಟಾಗಿದ್ದೇನೆ, ಅದು ಬೇರೆ ಮಾತು. ಮೊನ್ನೆ ಭಾನುವಾರ ಗುಬ್ಬಿಯಲ್ಲಿ ಹಳದಿ ಅಂಗಿ ಫೀಲ್ಡಿಗೆ ಇಳಿಯಿತು. ಇಳಿದದ್ದಷ್ಟೇ ಅಲ್ಲ, ಗೆದ್ದಿತು. ಕೈಯಲ್ಲಿ ಕಾಫಿ ಲೋಟ ಇದ್ದರೆ ಕೆಳಗಿಟ್ಟು ಮುಂದೆ ಓದಿ.

ನಿಮಗೆ ಅಲ್ಲಿ ಅರ್ಧ ಸುದ್ದಿ ಮಾತ್ರ ಬಂದಿರುತ್ತದೆ. ಗಿರಣಿಯವರು ಬಾಗಿಲು ಹಾಕಿದ ಮೇಲೆ ಟೀಮಿಗೆ ಅಂಗಿ ಚಡ್ಡಿ ಕೊಡಿಸುವವರಿಲ್ಲ, ಲೀಗಿಗೆ ಹೆಸರು ಕೊಡಲು ದುಡ್ಡಿಲ್ಲ, ಶೆಡ್ಡಿನ ಬಾಡಿಗೆ ನಿಂತು ಲಕ್ಷ್ಮೀದೇವಮ್ಮ ಬೀಗ ಜಡಿದರು, ಒಳಗೆ ಬಲೆ, ಚೆಂಡು, ಕಪ್ಪುಗಳೆಲ್ಲ ಸಿಕ್ಕಿಕೊಂಡವು. ಇಷ್ಟು ನಿಮಗೆ ಗೊತ್ತು. “ಸೆಕ್ರೆಟರಿ ನಾನು, ಹುಡುಗರ ಮುಖ ಹೇಗೆ ನೋಡಲಿ” ಅಂತ ನೀವು ಹೊರಟುಬಿಟ್ಟಿರಿ. ಆಮೇಲೆ ಆ ಹುಡುಗರ ಮುಖವನ್ನು ದಿನಾ ನೋಡಿದವಳು ನಾನು. ಸಾಯಂಕಾಲ ಐದಾಗುತ್ತಿದ್ದಂತೆ ಬಂದು ನಮ್ಮ ಜಗಲಿಯ ಮೇಲೆ ಕೂತುಕೊಳ್ಳುತ್ತಿದ್ದರು. ಆಡಲು ಚೆಂಡಿಲ್ಲ, ಹೋಗಲು ಬೇರೆ ಜಾಗವಿಲ್ಲ. ಗೋಲು ಕಾಯುವ ಅಂಜನ್ ಇದ್ದಾನಲ್ಲ, ಅವನು ನನ್ನ ದಾರದ ಉಂಡೆ ಹಾರಿಸಿ ಹಾರಿಸಿ ಹಿಡಿಯುತ್ತಿದ್ದ. ಈ ಚೆಂಡು ನನ್ನ ಸವತಿ ಎಂದು ನಿಮ್ಮನ್ನು ಬೈಯುತ್ತಿದ್ದೆನಲ್ಲ, ಸವತಿಯ ಮಕ್ಕಳಿಗೆಲ್ಲ ಕಾಫಿ ಕಾಸಿ ಕೊಟ್ಟವಳೂ ನಾನೇ.

ಹೋದ ಕಾರ್ತಿಕದಲ್ಲಿ ಬೆಟ್ಟಸ್ವಾಮಿ ಬಂದು ಇನ್ನೊಂದು ಸುದ್ದಿ ಹೇಳಿದ. ಎರಡು ವರ್ಷ ಸತತವಾಗಿ ಆಡದ ಟೀಮನ್ನು ಮೂರನೇ ವರ್ಷ ಲೀಗಿನಿಂದಲೇ ತೆಗೆದುಹಾಕುತ್ತಾರಂತೆ. ಫೆಬ್ರವರಿಯಲ್ಲಿ ಇಳಿಯದಿದ್ದರೆ ಹಳದಿ ಟೀಮು ಅನ್ನುವುದು ಇನ್ನಿಲ್ಲ. ಅವನು ಆಟೋದಿಂದ ಇಳಿಯಲೂ ಇಲ್ಲ, ಹ್ಯಾಂಡಲ್ ಹಿಡಿದುಕೊಂಡೇ ಹೇಳಿ, ಮುಖ ಆ ಕಡೆ ತಿರುಗಿಸಿಕೊಂಡ. ಅವತ್ತು ನನಗೆ ಊಟ ಸೇರಲಿಲ್ಲ. ಟೀಮಿನ ಸಲುವಾಗಿ ಅಲ್ಲ. ಹಳದಿ ಅಂಗಿ ಇಳಿಯದಿದ್ದರೆ ನೀವೂ ಬರುವುದಿಲ್ಲವಲ್ಲ, ಅದಕ್ಕೆ. ಮನುಷ್ಯ ಹಠ ಮಾಡುವಾಗ ಸ್ವಲ್ಪ ಜಾಗ ಬಿಟ್ಟು ಹಠ ಮಾಡಬೇಕು, ನಿಮಗೆ ಅಷ್ಟೂ ಗೊತ್ತಾಗುವುದಿಲ್ಲ.

ಅದೇ ಸಮಯಕ್ಕೆ ಗುಬ್ಬಿಯಲ್ಲಿ ನನ್ನ ಚಿಕ್ಕಮ್ಮನ ಮೊಮ್ಮಗಳು ಸುಮನಾಳ ಮದುವೆ ಬಂತು. ಊಟವಾದ ಮೇಲೆ ಚಪ್ಪರದಲ್ಲಿ ಮುಯ್ಯಿ ಓದಿಸುತ್ತಿದ್ದರು. ಇಂಥವರ ಮನೆಯಿಂದ ಇಷ್ಟು, ಇಂಥವರ ಮನೆಯಿಂದ ಇಷ್ಟು ಎಂದು ಮೈಕಿನಲ್ಲಿ ಕೂಗುತ್ತಿದ್ದರು. ನಾನೂ ನಮ್ಮ ಮನೆಯ ಕವರು ಕೊಟ್ಟು ಕೂತೆ. ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿ ಕೇಳಿದಳು, “ನಿಮ್ಮನೆ ಕಾರ್ಯ ಯಾವಾಗವ್ವ? ನಾವು ಮುಯ್ಯಿ ತೀರಿಸ್ಬೇಕಲ್ಲ.” ಅವಳಿಗೆ ಗೊತ್ತಿರಲಿಲ್ಲ, ತಪ್ಪು ತಿಳಿಯುವ ಹಾಗಿಲ್ಲ. ನಮ್ಮ ಮನೆಯಲ್ಲಿ ತೊಟ್ಟಿಲೇ ಕಟ್ಟಲಿಲ್ಲ, ಇನ್ನು ನಾಮಕರಣ ಎಲ್ಲಿ, ಮದುವೆ ಎಲ್ಲಿ. ಮದುವೆಯಾದಾಗಿನಿಂದ ಕಂಡವರ ಮನೆಗೆಲ್ಲ ಓದಿಸಿಕೊಂಡೇ ಬಂದಿದ್ದೇವೆ, ವಾಪಸು ಬರುವ ದಾರಿಯೇ ಇಲ್ಲ. ಎದ್ದು ಕೈ ತೊಳೆಯುವ ಕಡೆ ಹೋದೆ.

ಅಲ್ಲಿ ಬಡಿಸುವ ಹುಡುಗರು ಬಕೆಟ್ಟು ಸೌಟು ತೊಳೆಯುತ್ತಿದ್ದರು. ನೋಡುತ್ತಾ ನಿಂತವಳಿಗೆ ತಟ್ಟನೆ ಹೊಳೆಯಿತು. ನಮ್ಮ ಹಳದಿ ಹುಡುಗರು ಎಷ್ಟು ಮದುವೆಗೆ ಬಡಿಸಿಲ್ಲ? ಬಟವಾಡಿಯಿಂದ ಕೋರದವರೆಗೆ ಯಾರ ಮನೆಯ ಕಾರ್ಯವಾದರೂ ನೀವು ಇಡೀ ಟೀಮನ್ನು ಅಟ್ಟುತ್ತಿದ್ದಿರಿ. ಚಪ್ಪರ ಹಾಕುವುದು, ನೀರು ಹೊರುವುದು, ಎಲೆ ಎತ್ತುವುದು, ಒಂದಕ್ಕೂ ಕಾಸು ಮುಟ್ಟಿದವರಲ್ಲ. ಅದು ಮುಯ್ಯಿ ಅಲ್ಲದೆ ಇನ್ನೇನು? ನಮ್ಮ ಟೀಮು ಊರಿಗೆಲ್ಲ ಮುಯ್ಯಿ ಹಾಕಿದೆ. ಅದರ ಮನೆಯಲ್ಲಿ ಒಂದು ಕಾರ್ಯ ಆಗಲಿಲ್ಲ, ಅದಕ್ಕೇ ಯಾರೂ ತೀರಿಸಿಲ್ಲ. ಹಾಗಾದರೆ ಕಾರ್ಯ ಮಾಡಿಬಿಟ್ಟರಾಯಿತು. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಒಬ್ಬಳೇ ನಗುತ್ತಿದ್ದೆ, ಕಂಡಕ್ಟರು ನನ್ನನ್ನು ಎರಡು ಸಲ ನೋಡಿದ.

ಬೆಟ್ಟಸ್ವಾಮಿಗೆ ಹೇಳಿದರೆ, “ಅಕ್ಕ, ತಲೆ ಸರಿಗಿದೆಯಾ? ಟೀಮಿಗೆ ಯಾರಾದ್ರೂ ಮದ್ವೆ ಮಾಡ್ತಾರಾ?” ಅಂದ. ಮಾಡಿದರೆ ಬೇಡ ಅನ್ನುವವರು ಯಾರು ಎಂದೆ. ಪುಷ್ಯ ಮಾಸದಲ್ಲಿ ಮದುವೆ ಇರುವುದಿಲ್ಲ, ಛತ್ರಗಳೆಲ್ಲ ನೊಣ ಹೊಡೆಯುತ್ತಿರುತ್ತವೆ. ಹೆದ್ದಾರಿ ಪಕ್ಕದ ಛತ್ರದವರು, ಒಂದು ಭಾನುವಾರ ಸುಮ್ಮನೆ ಇಟ್ಟುಕೊಳ್ಳಿ, ಕಸ ಗುಡಿಸಿ ಕೊಟ್ಟರೆ ಸಾಕು ಅಂದರು. ಅಡುಗೆ ನಾವೇ ಹೆಂಗಸರು. ಬಡಿಸಲು ಟೀಮು ಇದ್ದೇ ಇದೆ. ತಮ್ಮ ಮದುವೆಗೆ ತಾವೇ ಬಡಿಸಿದ ಗಂಡಿನ ಕಡೆಯವರು ಇವರೇ ಇರಬೇಕು.

ಇನ್ನು ಕಾರ್ಡು. ಶಿರಾ ಗೇಟಿನ ಹತ್ತಿರದ ಒಂದು ಪ್ರೆಸ್ಸಿಗೆ ಬೆಟ್ಟಸ್ವಾಮಿ ಹೋದ. ಅವರು ಮದುವೆ ಕಾರ್ಡಿನ ಮಾದರಿಯಲ್ಲೇ ಹಾಕಿಕೊಟ್ಟರು. ವರ, ಚಿ|| ಬಟವಾಡಿ ಫುಟ್‌ಬಾಲ್ ಸಂಘ. ವಧು, ಚಿ||ಸೌ|| ಜಿಲ್ಲಾ ಲೀಗ್. ಮೇಲೆ ಗಣಪತಿ, ಸುತ್ತ ಬಾಳೆಕಂಬ, ಹಳದಿ ಕಾಗದ. ನೋಡಿದವರೆಲ್ಲ ನಕ್ಕು ನಕ್ಕು ಸುಸ್ತಾದರು. ಆಟೋದವರೆಲ್ಲ ಸೇರಿ ಎರಡು ದಿನದಲ್ಲಿ ಬಟವಾಡಿ, ಶಿರಾ ಗೇಟ್, ಕೋರ ಎಲ್ಲ ಕಡೆ ಹಂಚಿಬಿಟ್ಟರು. ಎಲ್ಲ ಹಂಚಿ ಮುಗಿದ ಮೇಲೆ, ಕಾರ್ಯದ ಹಿಂದಿನ ದಿನ ತರಕಾರಿ ಹೆಚ್ಚುತ್ತಾ ಕೂತಿದ್ದಾಗ, ಉಳಿದಿದ್ದ ಒಂದು ಕಾರ್ಡನ್ನು ನಾನು ಕೆಳಗಿನವರೆಗೆ ಓದಿದೆ. ಕಟ್ಟಕಡೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ, ‘ಆಶೀರ್ವಾದವೇ ಉಡುಗೊರೆ’ ಎಂದಿತ್ತು.

ಈಗಿನ ಮದುವೆ ಕಾರ್ಡುಗಳಲ್ಲಿ ಅದೊಂದು ಶೋಕಿ ಬಂದಿದೆಯಲ್ಲ. ಪ್ರೆಸ್ಸಿನವರು ಅಭ್ಯಾಸಬಲದಿಂದ ಸೇರಿಸಿದ್ದಾರೆ, ಇವನು ಗಣಪತಿ ಸರಿಯಿದೆಯಾ ಅಂತ ಮಾತ್ರ ನೋಡಿ ತಂದಿದ್ದಾನೆ. ಮುಯ್ಯಿ ಬರಲಿ ಅಂತ ಮಾಡುವ ಕಾರ್ಯಕ್ಕೆ, ಏನೂ ತರಬೇಡಿ ಅಂತ ನಾವೇ ಮನೆಮನೆಗೆ ಹೋಗಿ ಹೇಳಿಬಂದಿದ್ದೆವು. ನನ್ನ ಕೈಯಲ್ಲಿ ಕುಂಬಳಕಾಯಿ ಇತ್ತು. ಬೆಟ್ಟಸ್ವಾಮಿ ದೂರ ನಿಂತಿದ್ದ, ಬಚಾವಾದ.

ಬೆಳಗಾಯಿತು. ಜನ ಬಂದರು, ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಬಂದರು. ಹಸೆಮಣೆಯ ಮೇಲೆ ಒಂದು ಹಳೆಯ ಚೆಂಡಿಟ್ಟು ಬಾಸಿಂಗ ಕಟ್ಟಿದ್ದೆವು. ಅಂಜನ್ ಅದರ ಪಕ್ಕ ಅಣ್ಣನ ಹಾಗೆ ಗಂಭೀರವಾಗಿ ಕೂತಿದ್ದ. ಮೊದಲ ಪಂಕ್ತಿ ಹೋಳಿಗೆ ಉಂಡು, ಚೆಂಡಿನ ಮೇಲೆ ಅಕ್ಷತೆ ಹಾಕಿ, ಒಳ್ಳೆಯದಾಗಲಿ ಅಂತ ಹರಸಿ ಎಲೆ ಅಡಿಕೆ ತಗೊಂಡು ಹೊರಟಿತು. ಎರಡನೆಯ ಪಂಕ್ತಿಯೂ ಹಾಗೇ. ಕಾರ್ಡಿನಲ್ಲಿ ಹೇಳಿದಂತೆ ಆಶೀರ್ವಾದಕ್ಕೇನೂ ಕಡಿಮೆಯಾಗಲಿಲ್ಲ. ಮೈಕು ಹಿಡಿದು ಕೂತ ಬೆಟ್ಟಸ್ವಾಮಿಯ ಮುಂದೆ ತಟ್ಟೆ ಖಾಲಿ. ಸಾಲ ಮಾಡಿ ತಂದ ಬೇಳೆ ಬೆಲ್ಲವೆಲ್ಲ ಹೋಳಿಗೆಯಾಗಿ ಹೋಗುತ್ತಿತ್ತು. ನಾನು ಕಂಬಕ್ಕೆ ಒರಗಿ ನಿಂತೆ. ಇದೂ ಹೋಯಿತು, ನೀವೂ ಹೋದಿರಿ ಅಂದುಕೊಂಡೆ.

ಆಗ ಕೋರದ ಚಿಕ್ಕಬೀರಯ್ಯನವರು ಎದ್ದು ಬಂದರು. ಅವರ ಮಗಳ ಮದುವೆಯಲ್ಲಿ ಮಳೆ ಗಾಳಿಗೆ ಚಪ್ಪರ ಕುಸಿದಾಗ, ನಮ್ಮ ಹುಡುಗರು ಕೊನೆಯ ಪಂಕ್ತಿ ಏಳುವವರೆಗೂ ಟಾರ್ಪಾಲನ್ನು ಬಿದಿರು ಗಳ ಕೊಟ್ಟು ಎತ್ತಿಹಿಡಿದು ನಿಂತಿದ್ದರಲ್ಲ, ಅವರೇ. ಪಂಚೆಯ ಮಡಿಕೆಯಿಂದ ಒಂದು ಕವರು ತೆಗೆದು ತಟ್ಟೆಗೆ ಹಾಕಿ, “ಓದಪ್ಪ” ಅಂದರು. ಬೆಟ್ಟಸ್ವಾಮಿ, ದರಿದ್ರದವನು, ಅಲ್ಲೂ ಬಾಯಿ ಬಿಟ್ಟ, “ತಾತ, ಕಾರ್ಡಲ್ಲಿ ಉಡುಗೊರೆ ಬೇಡ ಅಂತ ಐತಲ್ಲ” ಅಂದ. ನನಗೆ ಅವನ ಕುತ್ತಿಗೆ ಹಿಸುಕಬೇಕು ಅನ್ನಿಸಿತು. ಚಿಕ್ಕಬೀರಯ್ಯನವರು ಅವನನ್ನು ಮೇಲಿಂದ ಕೆಳಗೆ ನೋಡಿದರು. “ಉಡುಗೊರೆ ಯಾವನ್ಲಾ ತಂದವ್ನೆ? ಇದು ಮುಯ್ಯಿ. ಅವತ್ತು ನಮ್ ಬೀಗರ ಮುಂದೆ ನಮ್ ಮಾನ ಎತ್ತಿ ಹಿಡ್ದಿದ್ರಿ, ಅದ್ನ ಇಟ್ಕೊಂಡು ನಾನು ಸಾಯ್ಲಾ? ಓದು.”

ಅವನು ಓದಿದ. ಅಷ್ಟೇ, ಕಟ್ಟೆ ಒಡೆಯಿತು ನೋಡಿ. ಎಲ್ಲರೂ ತಂದೇ ಇದ್ದರು. ಕಾರ್ಡು ನೋಡಿ, ಕೊಟ್ಟರೆ ತಪ್ಪಾಗುತ್ತೇನೋ ಅಂತ ಸೊಂಟದಲ್ಲಿ, ಸೆರಗಿನಲ್ಲಿ, ಜೇಬಿನಲ್ಲಿ ಇಟ್ಟುಕೊಂಡು ಉಂಡಿದ್ದರು. ಹೊರಟಿದ್ದವರೂ ಗೇಟಿನಿಂದ ವಾಪಸು ಬಂದರು. ಕವರುಗಳು, ಅಕ್ಕಿ ಮೂಟೆ, ತೆಂಗಿನಕಾಯಿ, ಕ್ರೀಡಾ ಸಾಮಾನಿನ ಅಂಗಡಿಯವರಿಂದ ಹೊಸ ಚೆಂಡುಗಳು, ಯಾರೋ ಒಬ್ಬರಿಂದ ಒಂದು ಸ್ಟೀಲ್ ಬಿಂದಿಗೆ. ಗೋಡೆ ಗಡಿಯಾರಗಳೂ ಬಂದಿವೆ, ಮದುವೆ ಎಂದ ಮೇಲೆ ಅವು ಬರದೇ ಇರುತ್ತವೆಯೇ. ಇನ್ನು ಮೇಲೆ ಪ್ರಾಕ್ಟೀಸಿಗೆ ತಡವಾಯಿತು ಅಂತ ಯಾರೂ ನೆವ ಹೇಳುವ ಹಾಗಿಲ್ಲ.

ಲಕ್ಷ್ಮೀದೇವಮ್ಮ ಬಂದಿದ್ದರು ಅಂದರೆ ನಂಬುತ್ತೀರಾ? ಅವರ ತಮ್ಮನ ಮದುವೆಗೂ ನಮ್ಮವರೇ ಬಡಿಸಿದ್ದು. ಮೂಲೆಯಲ್ಲಿ ಕೈಕಟ್ಟಿ ಕೂತಿದ್ದವರು, ಕೊನೆಗೆ ಎದ್ದು ಬಂದು ಸೆರಗಿನ ತುದಿಯಿಂದ ಶೆಡ್ಡಿನ ಬೀಗದಕೈ ಬಿಚ್ಚಿ ತಟ್ಟೆಯಲ್ಲಿಟ್ಟರು. “ಹಳೇ ಬಾಡಿಗೆ ಬುಡಲ್ಲ, ಇಸ್ಕೊಂಡೇ ಇಸ್ಕೋತೀನಿ. ಬೀಗದ್ ಕೈ ಮಾತ್ರ ಇವತ್ತೇ ತಗೊಳಿ” ಅಂದರು. ಆ ಬಾಡಿಗೆ ಮಾರನೆಯ ದಿನವೇ ಕೊಟ್ಟೆವು. ಕಿರಾಣಿ ಅಂಗಡಿಯ ಸಾಲ ತೀರಿತು. ಲೀಗಿಗೆ ಹೆಸರು ಕೊಟ್ಟಾಯಿತು. ಶೆಡ್ಡಿನ ಬಾಗಿಲು ತೆಗೆದಾಗ ಇಲಿಗಳು ಬಲೆಯ ಒಂದು ಮೂಲೆಯನ್ನು ತಿಂದು ಹಾಕಿದ್ದವು. ನಾನೇ ಹೆಣೆದೆ. ನಿಮ್ಮ ಸೀಟಿ ಮೊಳೆಗೆ ನೇತುಹಾಕಿದ ಹಾಗೇ ಇತ್ತು.

ಮಧ್ಯದಲ್ಲಿ ಒಂದು ಮಾತು ಬಿಟ್ಟೆ. ಟೀಮಿನ ಮುಯ್ಯಿ ಎಲ್ಲ ಓದಿ ಮುಗಿಯುವ ಹೊತ್ತಿಗೆ ಚಿಕ್ಕಬೀರಯ್ಯನವರು ಇನ್ನೊಂದು ಕವರು ತೆಗೆದರು. ಇದು ಟೀಮಿಗಲ್ಲ, ನಿಮ್ಮ ಮನೆಗೆ ಅಂದರು. “ನೀನೂ ನಿನ್ ಗಂಡನೂ ನಮ್ಮನೆ ಎಲ್ಲಾ ಕಾರ್ಯಕ್ಕೂ ಓದ್ಸಿದೀರಿ ಕಣವ್ವ. ನಿಮ್ಮನೇಲಿ ಒಂದ್ ಕಾರ್ಯ ಆಗ್ನಿಲ್ಲ, ನಾವು ಎಲ್ಲಿ ತೀರ್ಸದು? ಇದೇ ನಿಮ್ಮನೆ ಕಾರ್ಯ ಅಂದ್ಕೊಂಡು ಓದುಸ್ತೀನಿ, ಬ್ಯಾಡ ಅನ್ಬ್ಯಾಡ.” ನಾನು ಅಳಬಾರದು ಎಂದುಕೊಂಡಿದ್ದೆ, ಅತ್ತುಬಿಟ್ಟೆ. ಎಲ್ಲರ ಎದುರಿಗೆ ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಜೀವನದಲ್ಲಿ ಮೊದಲ ಸಲ ನಮ್ಮ ಮನೆಯ ಹೆಸರಿಗೆ ಮುಯ್ಯಿ ಬಂತು, ನೀವು ಇರಬೇಕಾಗಿತ್ತು. ಅದರಲ್ಲಿ ಆ ಬೆಟ್ಟಸ್ವಾಮಿ ಕೀಟಲೆ ಬೇರೆ. ಯಾರ ಮನೆಗೆ ಅಂತ ಓದಲಿ ಅಕ್ಕ, ಯಜಮಾನರ ಹೆಸರು ಹೇಳಿ ಅಂತ ಮೈಕನ್ನು ನನ್ನ ಬಾಯಿಗೆ ಹಿಡಿದ. ಅವನಿಗೆ ಗೊತ್ತಿಲ್ಲವೇ ಹೆಸರು? ಹೆಂಗಸರೆಲ್ಲ ಸುತ್ತ ಸೇರಿಕೊಂಡು, ಹೇಳು ಹೇಳು ಅಂತ ಹಿಡಿದುಕೊಂಡರು. ರೇಷನ್ ಕಾರ್ಡಿನವರು ಕೇಳಿದಾಗಲೂ ಪಕ್ಕದ ಮನೆಯವರಿಂದ ನಿಮ್ಮ ಹೆಸರು ಹೇಳಿಸಿದವಳು ನಾನು. ಹೇಗೋ ನಿಭಾಯಿಸಿದೆ. ಆ ಸಂಗತಿ ಇಲ್ಲಿ ಬೇಡ.

ಅಂಗಿಗಳನ್ನು ನಾನೇ ಹೊಲಿದೆ. ಅದೇ ಅರಿಶಿನದ ಹಳದಿ, ತೋಳಿಗೆ ಅದೇ ಕಪ್ಪು ಪಟ್ಟಿ. ಮುಂದೆ ಆಡುವ ಸಿದ್ದಾರ್ಥ ಎರಡು ವರ್ಷದಲ್ಲಿ ಉದ್ದ ಬೆಳೆದಿದ್ದಾನೆ, ಹಳೆಯ ಅಳತೆ ಸಾಲಲಿಲ್ಲ, ಬಿಚ್ಚಿ ಮತ್ತೆ ಹೊಲಿದೆ. ಬ್ಲೌಸಿಗೆ ಕಾದಿದ್ದ ಗಿರಾಕಿಗಳೆಲ್ಲ ಬೈದುಕೊಂಡರು. ಬೈಯಲಿ, ಬ್ಲೌಸು ಯಾವಾಗ ಬೇಕಾದರೂ ಹೊಲಿಯಬಹುದು.

ಈಗ ಗುಬ್ಬಿಯ ಆಟ. ನನಗೆ ಫುಟ್‌ಬಾಲ್ ಅಂದರೆ ಆಗುವುದಿಲ್ಲ ಅಂತ ನಿಮಗೆ ಗೊತ್ತೇ ಇದೆ, ಹುಡುಗರಿಗೆ ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆ ಅಷ್ಟೇ. ಮೊದಲರ್ಧದಲ್ಲಿ ನಮ್ಮವರು ಮದುಮಕ್ಕಳ ಹಾಗೆ ನಾಚಿಕೊಂಡು ಆಡಿದರು. ಬೆಟ್ಟಸ್ವಾಮಿಗೆ ಆಟೋ ಓಡಿಸಿ ಹೊಟ್ಟೆ ಬಂದಿದೆ, ಹಿಂದೆ ತಿರುಗುವಷ್ಟರಲ್ಲಿ ಗುಬ್ಬಿಯವರು ಎಡಗಡೆಯಿಂದ ನುಗ್ಗಿ ಗೋಲು ಹೊಡೆದುಬಿಟ್ಟರು. ಅವನನ್ನು ಇನ್ನು ಮುಂದೆ ಹಿಂದೆ ನಿಲ್ಲಿಸಬಾರದು, ಮಧ್ಯದಲ್ಲಿ ನಿಲ್ಲಿಸಬೇಕು, ಓಡುವುದು ಕಡಿಮೆ, ಪಾಸು ಚೆನ್ನಾಗಿ ಕೊಡುತ್ತಾನೆ. ಅರ್ಧ ಆಟದ ಬಿಡುವಿನಲ್ಲಿ ನಾನು ಚಿತ್ರಾನ್ನ ಕೊಡಲಿಲ್ಲ. ಗೆದ್ದರೆ ಊಟ, ಇಲ್ಲದಿದ್ದರೆ ವಾಪಸು ಹೊತ್ತುಕೊಂಡು ಹೋಗುತ್ತೇನೆ ಅಂದೆ. ಕುಡಿಯಲು ಆ ಬಿಂದಿಗೆಯ ನೀರು ಮಾತ್ರ ಕೊಟ್ಟೆ.

ಎರಡನೆಯ ಅರ್ಧದಲ್ಲಿ ಬೆಟ್ಟಸ್ವಾಮಿಯನ್ನು ಮಧ್ಯಕ್ಕೆ ಹಾಕಿದರು. ಅವನು ಎತ್ತಿಕೊಟ್ಟ ಚೆಂಡನ್ನು ಸಿದ್ದಾರ್ಥ ತಲೆಯಿಂದ ಒಳಗೆ ಹಾಕಿದ. ಸಮ ಆಯಿತು. ಆಮೇಲೆ ಒಂದು ಚೆಂಡು ಒಳಗೆ ಹೋಗಿದ್ದನ್ನು ರೆಫರಿ ಆಫ್‌ಸೈಡ್ ಅಂದ, ಆಫ್‌ಸೈಡೇ ಅಲ್ಲ ಅದು, ನಾನು ಗೆರೆಯ ಪಕ್ಕದಲ್ಲೇ ನಿಂತಿದ್ದೆ. ಹೇಳಿದ್ದಕ್ಕೆ, ಹಿಂದೆ ಹೋಗಿ ಅಮ್ಮ ಅಂದ. ಕೊನೆಗೆ ಸಿದ್ದಾರ್ಥ ಒಬ್ಬನೇ ಬಲಗಡೆಯಿಂದ ಇಬ್ಬರನ್ನು ದಾಟಿಸಿಕೊಂಡು ಹೋಗಿ ಹೊಡೆದ. ಬಲೆ ಅಲ್ಲಾಡಿತು. ನಾನು ಏನು ಕೂಗಿದೆನೋ ಗೊತ್ತಿಲ್ಲ, ಇವತ್ತಿಗೂ ಗಂಟಲು ಕಟ್ಟಿದೆ. ಆಟ ಮುಗಿಯುವ ಮುಂಚೆ ಗುಬ್ಬಿಯವರಿಗೆ ಪೆನಾಲ್ಟಿ ಸಿಕ್ಕಿತು. ಎಲ್ಲರೂ ಕಣ್ಣು ಮುಚ್ಚಿಕೊಂಡರು, ನಾನು ಮುಚ್ಚಲಿಲ್ಲ. ಅಂಜನ್ ನನ್ನ ದಾರದ ಉಂಡೆ ಹಿಡಿಯುತ್ತಿದ್ದ ಹಾಗೇ, ಎಡಕ್ಕೆ ಹಾರಿ ಹಿಡಿದ. ಚಿತ್ರಾನ್ನ ಗುಬ್ಬಿಯ ಹುಡುಗರಿಗೂ ಕೊಟ್ಟೆವು.

ಈ ವರ್ಷ ಕಪ್ಪು ಗೆಲ್ಲುತ್ತೇವೆ ಅಂತ ನಾನು ಹೇಳುವುದಿಲ್ಲ. ಗೆಲ್ಲಬಹುದು. ಬೆಟ್ಟಸ್ವಾಮಿಯ ಹೊಟ್ಟೆ ಸ್ವಲ್ಪ ಕರಗಬೇಕು, ಎಡಗಡೆಗೆ ಒಬ್ಬ ಒಳ್ಳೆಯ ಹುಡುಗ ಬೇಕು, ಬುದ್ಧಿ ಹೇಳಲು ಒಬ್ಬ ಸೆಕ್ರೆಟರಿ ಬೇಕು. ಕಾಲಿರುವ ಟೀಮು ಓಡುತ್ತದೆ. ಮುಂದಿನ ವರ್ಷವೂ ಇರುತ್ತದೆ, ಅದರಾಚೆಗೂ ಇರುತ್ತದೆ, ಊರೇ ಮುಯ್ಯಿ ಹಾಕಿದ ಮೇಲೆ ಯಾವ ಗಿರಣಿ ಬಾಗಿಲು ಹಾಕಿದರೂ ನಮಗೇನೂ ಆಗುವುದಿಲ್ಲ. ಎರಡು ವರ್ಷದಿಂದ ನನ್ನ ಎದೆಯ ಮೇಲೆ ಕೂತಿದ್ದ ಭಾರ ಇಳಿದಿದೆ.

ನಾಳೆ ಶಿವರಾತ್ರಿ. ಉಪವಾಸ ಮಾಡಿ, ಸ್ವಲ್ಪ ಇಳಿಯುತ್ತೀರಿ. ಹಳದಿ ಅಂಗಿ ಫೀಲ್ಡಿಗೆ ಇಳಿದಾಯಿತು, ಇನ್ನು ನಿಮ್ಮ ಹಠಕ್ಕೆ ನೆವವಿಲ್ಲ. ಆದರೂ ನೀವು ತುಮಕೂರಿಗೆ ಬರಲು ಇನ್ನೂ ನಾಚಿಕೊಳ್ಳುತ್ತೀರಿ ಅಂತ ನನಗೆ ಗೊತ್ತು, ಅದಕ್ಕೆ ನಾವೇ ಬರುತ್ತಿದ್ದೇವೆ. ಬರುವ ಭಾನುವಾರ ನಮ್ಮ ಎರಡನೆಯ ಆಟ ಕುಣಿಗಲ್‌ನಲ್ಲೇ, ಕುಣಿಗಲ್ ಟೀಮಿನ ಮೇಲೆ. ಒಂದು ಬಸ್ಸು ತುಂಬ ಜನ. ಚಿಕ್ಕಬೀರಯ್ಯನವರೂ ಬರುತ್ತಾರೆ, ಲಕ್ಷ್ಮೀದೇವಮ್ಮ ಕಿಟಕಿ ಪಕ್ಕದ ಸೀಟು ಈಗಲೇ ಹಿಡಿದಿದ್ದಾರೆ. ವಾಪಸು ಹೋಗುವಾಗ ನನ್ನ ಪಕ್ಕದ ಸೀಟು ಖಾಲಿ ಇರುತ್ತದೆ, ಟ್ರಂಕು ಬಸ್ಸಿನ ಮೇಲೆ ಹಾಕಬಹುದು. ನಿಮ್ಮ ಸೀಟಿ ನನ್ನ ಚೀಲದಲ್ಲಿದೆ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ. ಅವರೂ ಬರಲಿ, ಚಿತ್ರಾನ್ನ ಸಾಲುವಷ್ಟು ತರುತ್ತೇನೆ.

ಇಂತಿ,
ಗಂಟಲು ಕಟ್ಟಿದ್ದರೂ ಸಿಟ್ಟು ಇಳಿಯದ ನಿಮ್ಮ
ಸರ್ವಮಂಗಳ

ಮರೆತ ಮಾತು: ಆ ಮೈಕಿನ ಸಂಗತಿ ಬೆಟ್ಟಸ್ವಾಮಿ ಹೇಗೂ ನಿಮಗೆ ಹೇಳಿಬಿಡುತ್ತಾನೆ, ಅದಕ್ಕೆ ನಾನೇ ಬರೆಯುತ್ತೇನೆ. ಹೇಳಿದೆ. “ದಯಾನಂದ. ಬಟವಾಡಿ ದಯಾನಂದನ ಮನೆಗೆ ಅಂತ ಓದು” ಅಂದೆ. ಆ ಹಾಳು ಮೈಕು ಎಷ್ಟು ಜೋರಾಗಿತ್ತೆಂದರೆ ಹೆದ್ದಾರಿಯಲ್ಲಿ ಹೋಗುವವರಿಗೂ ಕೇಳಿಸಿತಂತೆ. ಆಮೇಲೆ ಒಬ್ಬೊಬ್ಬರೇ ಬಂದು ನಮ್ಮ ಮನೆಗೆ ಓದಿಸಿದರು, ನಾನು ಪ್ರತಿ ಸಲವೂ ಹೇಳಬೇಕಾಯಿತು, ಕೊನೆಕೊನೆಗೆ ನಾಚಿಕೆಯೂ ಆಗಲಿಲ್ಲ. ಇಷ್ಟು ದಿನ ನಿಮಗೆ ಬರೆದದ್ದನ್ನೆಲ್ಲ ಅತ್ತಿಗೆಯ ಹೆಸರಿಗೆ ಹಾಕುತ್ತಿದ್ದೆ. ಈ ಲಕೋಟೆಯ ಮೇಲೆ ನಿಮ್ಮ ಹೆಸರನ್ನು ನಾನೇ ನನ್ನ ಕೈಯಾರೆ ಬರೆದಿದ್ದೇನೆ, ನೋಡಿಕೊಳ್ಳಿ. ಭಾನುವಾರ ಗೆರೆಯ ಪಕ್ಕದಲ್ಲಿ ನಿಂತು ಕೂಗುತ್ತೇನೆ. ಒಂದು ಸಲಕ್ಕೆ ತಿರುಗಿ ನೋಡದಿದ್ದರೆ, ಇಡೀ ಬಸ್ಸಿನ ಕೈಲಿ ಕೂಗಿಸುತ್ತೇನೆ.